ಕೆಂಪು ತಂತಿಗೆ ಕೆಂಪು ತಂತಿ

ನಮ್ಮ ಮನೆಯ ಪಿಜ್ಜಾ ಒಲೆಯ ನಾಬಿನ ಸುತ್ತ ಒಂದರಿಂದ ಐದರವರೆಗೆ ಅಂಕಿಗಳಿವೆ. ಈ ಐದು ಎಂದರೆ ಐನೂರು ಡಿಗ್ರಿಯೋ, ಐದು ನಿಮಿಷವೋ, ಪಂಚಭೂತಗಳೋ, ಅದನ್ನು ತಯಾರಿಸಿದ ಪುಣ್ಯಾತ್ಮನಿಗೂ ತಿಳಿದಿರಲಿಕ್ಕಿಲ್ಲವೆಂಬುದು ನನ್ನ ಬಹುದಿನದ ಗುಮಾನಿ. ಇಂಥ ಅನಾಮಧೇಯ ಅಂಕಿಗಳ ಜೊತೆ ನೀವು ನೆಮ್ಮದಿಯಿಂದ ಸಂಸಾರ ಮಾಡಬಲ್ಲಿರಾದರೆ, ಓದುಗರೇ, ನಿಮ್ಮ ಜನ್ಮ ಧನ್ಯ. ನನ್ನದು ಹಾಗಲ್ಲ. ನಮ್ಮೂರ ಪಕ್ಕದ ಮಚ್ಛೆಯ ಒಂದು ಕಾರ್ಖಾನೆಯಲ್ಲಿ, ಉಕ್ಕಿನ ಬಿಡಿಭಾಗಗಳನ್ನು ಕಾಸಿ ಗಟ್ಟಿಗೊಳಿಸುವ ಕುಲುಮೆಗಳ ಉಷ್ಣಮಾಪಕಗಳನ್ನು ಮೂವತ್ತು ವರ್ಷ ಜೋಪಾನ ಮಾಡಿ ನಿವೃತ್ತನಾದವನು ನಾನು. ಹೆಂಡತಿಗೆ ಜ್ವರ ಬಂದರೆ ಹಣೆ ಮುಟ್ಟುವ ಮೊದಲು ಥರ್ಮಾಮೀಟರ್ ಹುಡುಕುವ ಕುಲ ನನ್ನದು. ಈ ಕುಲಾಚಾರದ ಬಗ್ಗೆ ಅವಳಿಗೆ ಮದುವೆಯಾದ ಹೊಸತರಿಂದಲೂ ಒಂದು ಆಕ್ಷೇಪವಿದೆ.

ಒಲೆ ಬಂದದ್ದು ಟಿಳಕವಾಡಿಯಲ್ಲಿ ಬಾಗಿಲು ಮುಚ್ಚಿದ ಒಂದು ಕೆಫೆಯಿಂದ. ಕರೆಂಟಿನ ಒಲೆ, ಒಳಗೆ ಒಂದು ಚಪ್ಪಟೆ ಕಲ್ಲು, ಮುಂದೆ ಗಾಜಿನ ಬಾಗಿಲು. ನಿವೃತ್ತಿಯ ನಂತರ ಮನುಷ್ಯನಿಗೆ ಒಂದು ಹವ್ಯಾಸ ಬೇಕೆಂದು ಎಲ್ಲರೂ ಹೇಳುತ್ತಾರಲ್ಲ, ಕೆಲವರು ಧ್ಯಾನ ಮಾಡುತ್ತಾರೆ, ಕೆಲವರು ಸೊಸೈಟಿಯ ಚುನಾವಣೆಗೆ ನಿಲ್ಲುತ್ತಾರೆ. ನಾನು ಪಿಜ್ಜಾ ಹಿಡಿದೆ. ನನ್ನ ಹೆಂಡತಿ ಶೋಭಾ ವಡಗಾವಿಯ ನೇಕಾರರ ಮನೆಯವಳು, ನೂಲಿನ ಹದವನ್ನು ಬೆರಳಲ್ಲಿ ಅರಿತವರ ಪೈಕಿ. ಮೂರನೆಯ ದಿನಕ್ಕೇ ಅವಳು ಒಲೆಯ ಮರ್ಮ ಕಂಡುಕೊಂಡಿದ್ದಳು. “ಮೂರೂವರಿಗಿ ಇಡ್ರಿ. ಬಗ್ಗಿ ಒಳಗ ನೋಡ್ರಿ. ಕಲ್ಲ ಕಾದದ್ದು ನೋಡಿದ್ರನ ಗೊತ್ತಾಗ್ತದ,” ಎನ್ನುತ್ತಿದ್ದಳು. ಅವಳ ಮೂರೂವರೆಗೆ ಪಿಜ್ಜಾ ಚೆನ್ನಾಗಿಯೇ ಬೇಯುತ್ತಿತ್ತು. ನನ್ನ ಕಷ್ಟವೂ ಅದೇ ಆಗಿತ್ತು. ಯಾಕೆ ಬೇಯುತ್ತಿದೆ ಎಂದು ಗೊತ್ತಿಲ್ಲದೆ ತಿಂದದ್ದು ನನಗೆ ಜೀರ್ಣವಾಗುತ್ತಿರಲಿಲ್ಲ.

ಹಾಗಾಗಿ ಒಲೆಯ ಉದ್ಧಾರಕ್ಕೆ ನಿಂತೆ. ಅಂಗೈಗಿಂತ ಚಿಕ್ಕದಾದ ಒಂದು ಮೈಕ್ರೋಕಂಟ್ರೋಲರ್ ಹಲಗೆ, ಅದು ಹೇಳಿದಂತೆ ಕರೆಂಟು ಬಿಡುವ-ತಡೆಯುವ ಒಂದು ರಿಲೇ, ಕೆಂಪು ಅಂಕಿಗಳ ಒಂದು ಪುಟ್ಟ ಪರದೆ, ಕಲ್ಲಿನ ಮೈಗೆ ತಾಗಿ ಕೂರುವ ಒಂದು ಥರ್ಮೋಕಪಲ್ ತರಿಸಿದೆ. ಥರ್ಮೋಕಪಲ್ ಎಂದರೆ ಹೆದರಬೇಡಿ, ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಬೆಸೆದ ಗಂಟು, ಅಷ್ಟೇ. ಗಂಟು ಬಿಸಿಯಾದರೆ ಕಿಂಚಿತ್ ವಿದ್ಯುತ್ತು ಹುಟ್ಟುತ್ತದೆ, ಅದನ್ನು ಓದಿ ಯಂತ್ರ ಡಿಗ್ರಿ ಹೇಳುತ್ತದೆ. ಆಟೋ ನಗರದಲ್ಲಿ ತಗಡಿನ ಡಬ್ಬಿ ಮಾಡಿಸಿದೆ. ಊಟದ ಮೇಜು ಎರಡು ವಾರ ನನ್ನ ಪ್ರಯೋಗಶಾಲೆಯಾಗಿ, ಶೋಭಾ ನೆಲದ ಮೇಲೆ ಕುಳಿತು ಉಂಡಳು. ಪ್ರೋಗ್ರಾಮ್ ಬರೆಯಲು ಕಲಿಯುವಾಗ ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದದ್ದಕ್ಕೆ ಇಡೀ ದಿನ ಹಾಳಾಯಿತು. ವಿರಾಮವಿಲ್ಲದೆ ಬರೆಯುವ ನನ್ನಂಥವನಿಗೆ ಆ ಶಾಸ್ತಿ ಆಗಬೇಕಾದದ್ದೇ. ಕಡೆಗೆ ಹಳೆಯ ನಾಬನ್ನು ಕಿತ್ತು ಸ್ಕ್ರೂಗಳ ಡಬ್ಬಿಗೆ ಎಸೆದೆ. ಥರ್ಮೋಕಪಲ್ಲಿನ ತಂತಿ ಗಿಡ್ಡವಾಗಿತ್ತು. ಮಚ್ಛೆಯಿಂದ ಬರುವಾಗ ನೆನಪಿಗೆಂದು ತಂದ ಹಳೆಯ ಕೇಬಲ್ ತುಂಡನ್ನು ಒಲೆಯ ಬೆನ್ನಿನಲ್ಲಿ ಅದಕ್ಕೆ ಸೇರಿಸಿ ಉದ್ದ ಮಾಡಿ, ಕಪಾಟಿನ ಮೇಲಿನ ಡಬ್ಬಿಗೆ ಒಯ್ದೆ. ಕೆಂಪು ತಂತಿಗೆ ಕೆಂಪು ತಂತಿ. ಕಣ್ಣು ಮುಚ್ಚಿ ಮಾಡುವ ಕೆಲಸ.

ಭಾನುವಾರ ಮಧ್ಯಾಹ್ನ ಉದ್ಘಾಟನೆ. ಪರದೆ ಮೂವತ್ತೊಂದರಿಂದ ಹೊರಟು ಗಾಂಭೀರ್ಯದಿಂದ ಏರುತ್ತ ಮುನ್ನೂರಕ್ಕೆ ಬಂದು ನಿಂತಿತು. ಒಂದು ಡಿಗ್ರಿ ಅತ್ತ ಇಲ್ಲ, ಇತ್ತ ಇಲ್ಲ. ನನ್ನ ಎದೆ ಉಬ್ಬಿತು. ಪಿಜ್ಜಾ ಹಾಕಿದೆ. ಎರಡೇ ನಿಮಿಷಕ್ಕೆ ಅಡುಗೆಮನೆ ತುಂಬ ಹೊಗೆ. ಮೇಲೆ ಚೀಸ್ ಇನ್ನೂ ಬೆಳ್ಳಗಿದೆ, ತಳ ಇದ್ದಿಲಾಗಿದೆ. ಇನ್ನೊಂದು ಹಾಕಿದೆ, ಅದೂ ಹಾಗೆಯೇ. ಶೋಭಾ ಗಾಜಿನೊಳಗೆ ಬಗ್ಗಿ ನೋಡಿ, “ಕಲ್ಲು ಭಾಳ ಕಾದದ ಅನಸ್ತದರೀ,” ಎಂದಳು. ನಾನು ಪರದೆಯಿಂದ ಕಣ್ಣು ಕೀಳದೆ ಹೇಳಿದೆ: “ಮೀಟರ್ ಸರಿ ಅದ. ಹಿಟ್ಟು ನಾದಿದವರ ಕೈಯಾಗ ಏನರೆ ಆಗಿರಬೇಕು.”

“ನಾದಿದ್ದು ನೀವು,” ಎಂದಳು ಶೋಭಾ.

ಬೇರೆ ದಿನವಾಗಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಕಲೆ ನನಗೆ ಚೆನ್ನಾಗಿ ಬರುತ್ತದೆ. ಆದರೆ ಆ ಮಾತು ನನ್ನ ಬಾಯಿಂದ ಹೊರಟ ಕ್ಷಣವೇ ನನಗೆ ಕಸಿವಿಸಿಯಾಯಿತು, ಯಾಕೆಂದರೆ ಅದನ್ನು ನಾನು ಹಿಂದೊಮ್ಮೆ, ಹೆಚ್ಚು ಕಡಿಮೆ ಅದೇ ಶಬ್ದಗಳಲ್ಲಿ, ಬೇರೊಬ್ಬರ ಬಗ್ಗೆ ಹೇಳಿದ್ದೆ. ಅವರ ಹೆಸರು ಭರಮಣ್ಣ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಆಗ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಲೋಕದ ಉಷ್ಣತೆಯೆಲ್ಲ ನನ್ನ ಜೇಬಿನಲ್ಲಿದೆ ಎಂಬ ಭ್ರಮೆಯ ಪ್ರಾಯ. ಖಾನಾಪುರದ ಒಬ್ಬ ಹಂಚಿನ ಕಾರ್ಖಾನೆಯ ಮಾಲೀಕರು ತಮ್ಮ ಭಟ್ಟಿಗೆ ‘ಡಿಗ್ರಿ ತೋರಿಸುವ ಮೀಟರ್’ ಹಾಕಿಕೊಡಿ ಎಂದು ಕೇಳಿದರು. ಭರಮಣ್ಣ ಆ ಭಟ್ಟಿಯ ಮಿಸ್ತ್ರಿ. ಮನೆತನ ಕುರಿ ಕಾಯುವವರದು. ಇವರು ಮಾತ್ರ ಹುಡುಗತನದಲ್ಲೇ ಬೆಂಕಿಯ ಹಿಂದೆ ಬಿದ್ದವರು. ಭಟ್ಟಿಯ ಗೋಡೆಯಲ್ಲಿ ಇಟ್ಟಿಗೆಯೊಂದನ್ನು ಸರಿಸಿದರೆ ಒಂದು ಕಿಂಡಿ. ಅದರೊಳಗೆ ಒಂದು ಕ್ಷಣ ನೋಡಿ ಇಟ್ಟಿಗೆ ಮುಚ್ಚಿ, ಕಟ್ಟಿಗೆ ಹಾಕಿ ಎನ್ನುತ್ತಿದ್ದರು, ಅಥವಾ ತಡೆಯಿರಿ ಎನ್ನುತ್ತಿದ್ದರು. ಅವರ ಮಾಪಕದಲ್ಲಿ ಇದ್ದದ್ದು ಮೂರೇ ಗುರುತು. “ಮೊದಲ ಕುಂಕುಮ, ಆಮ್ಯಾಲ ಕೇಸರಿ. ಕೇಸರಿಗಿ ಹಂಚು ಬೇಯತೈತಿ. ಅರಿಶಿಣ ಬಂತಂದ್ರ ಕೈ ಮುಗದು ಉರಿ ಬಂದ್ ಮಾಡೂದು,” ಎಂದು ನನಗೆ ಪಾಠ ಹೇಳಿದ್ದರು. ಹದಿನೈದು ವರ್ಷ ಹಿರಿಯರಾದ ಆ ಮನುಷ್ಯನನ್ನು ನಾನು ಏಕವಚನದಲ್ಲಿ ಮಾತಾಡಿಸುತ್ತಿದ್ದೆ. ಅವರು ನನಗೆ ಸಾಹೇಬ್ರ ಎನ್ನುತ್ತಿದ್ದರು.

ಮೀಟರ್ ಕೂರಿಸಿದ ಮೊದಲ ಸುಡುವಿಕೆ. ಒಂಬೈನೂರ ಐವತ್ತಕ್ಕೆ ಮುಟ್ಟಿಸಬೇಕೆಂದು ನಾನು ಬರೆದುಕೊಟ್ಟಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೀಟರ್ ಎಂಟುನೂರ ಮೂವತ್ತು ತೋರಿಸುತ್ತಿದ್ದಾಗ ಭರಮಣ್ಣ ಕಿಂಡಿಯಿಂದ ಮುಖ ಎತ್ತಿ, “ಸಾಹೇಬ್ರ, ಕೇಸರಿ ದಾಟಾಕ ಹತ್ತೇತಿ. ಇಲ್ಲಿಗೆ ಸಾಕ್ರಿ,” ಎಂದರು. ಇನ್ನೂ ನೂರಿಪ್ಪತ್ತು ಬಾಕಿ ಇದೆ ಎಂದೆ. ಕಟ್ಟಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು. “ಅರಿಶಿಣ ಬಂದೇತ್ರಿ. ನನ್ನ ಮಾತ ಬ್ಯಾಡ, ನೀವ ಒಮ್ಮಿ ಬಗ್ಗಿ ನೋಡ್ರಿ.” ನಾನು ಕುರ್ಚಿಯಿಂದ ಏಳಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಕೇಳಿಲ್ಲವೇನೋ ಎಂದು, ಮಾಲೀಕರಿಗೂ ಕೇಳುವ ಹಾಗೆ, ನಕ್ಕೆ. ಮಾಲೀಕರೂ ನಕ್ಕರು. ಕಿಂಡಿ ನನ್ನ ಕುರ್ಚಿಯಿಂದ ಹತ್ತು ಹೆಜ್ಜೆ ದೂರವಿತ್ತು.

ಭಟ್ಟಿ ಆರಿ, ಇಟ್ಟಿಗೆ ಕಟ್ಟಿ ಮುಚ್ಚಿದ್ದ ಬಾಗಿಲು ಒಡೆದ ದಿನ ನನ್ನನ್ನು ಕರೆಸಿದರು. ಹಂಚುಗಳು ಸೊಟ್ಟಗಾಗಿ, ಕರಗಿ, ಒಂದಕ್ಕೊಂದು ಅಂಟಿ ನಿಂತಿದ್ದವು. ಸೇರಿದ್ದ ಕೆಲಸಗಾರರೆಲ್ಲ ನನ್ನ ಮುಖ ನೋಡಿದರು. ನಾನು ಮೀಟರನ್ನು ತಟ್ಟಿ ನೋಡಿ, ಅದರ ಹೊಟ್ಟೆ ಬಿಚ್ಚಿ ನೋಡಿ, ಹೊರಗೆ ಹೋದ ತಂತಿಯನ್ನು ಮಾತ್ರ ನೋಡದೆ, ಸಾವಧಾನವಾಗಿ ತೀರ್ಪು ಕೊಟ್ಟೆ: ಮೀಟರ್ ಸರಿ ಇದೆ, ಉರಿ ಹಾಕಿದವರ ಕೈಯಲ್ಲಿ ಏನೋ ಆಗಿರಬೇಕು. ಸಾಹೇಬರು ಊಟಕ್ಕೆ ಹೋದಾಗ ಈ ಭರಮಣ್ಣ ಬೇಕೆಂದೇ ಹೆಚ್ಚು ಕಟ್ಟಿಗೆ ನುಗ್ಗಿಸಿದ್ದಾನೆ, ಮೀಟರ್ ಬಂದದ್ದು ಇವನಿಗೆ ಸೇರಲಿಲ್ಲ ಎಂದು ಮಾಲೀಕರು ಕೂಗಾಡಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಭರಮಣ್ಣ ಹೆಗಲ ಮೇಲಿನ ಟವೆಲ್ ಝಾಡಿಸಿ ಹೊರಟುಹೋದರು, ಮತ್ತೆ ಆ ಭಟ್ಟಿಯ ಕಡೆ ಬರಲಿಲ್ಲ ಎಂದು ಆಮೇಲೆ ತಿಳಿಯಿತು. ಮೀಟರೂ ಅಲ್ಲಿ ಬಹಳ ದಿನ ಉಳಿಯಲಿಲ್ಲವಂತೆ. ನಾನು ಮಚ್ಛೆಗೆ ಮರಳಿ ನನ್ನ ಸಂಬಳದ ಬದುಕು ಬದುಕಿದೆ. ಒಮ್ಮೊಮ್ಮೆ ನೆನಪಾಗುತ್ತಿತ್ತು, ಆದರೆ ತಪ್ಪು ಅವರದೇ ಎಂದು ನಾನೇ ತೀರ್ಪು ಕೊಟ್ಟಿದ್ದರಿಂದ ನಿದ್ದೆಗೇನೂ ಭಂಗ ಬರಲಿಲ್ಲ.

ಈಗ, ಸುಟ್ಟ ಪಿಜ್ಜಾದ ವಾಸನೆ ಆರುವ ಮೊದಲೇ, ಒಲೆಯ ಬೆನ್ನು ಬಿಚ್ಚಿ ತಂತಿಯ ಮುಂದೆ ಕುಳಿತೆ. ಮರುದಿನ ಮಚ್ಛೆಯ ಹಳೆಯ ಸಹೋದ್ಯೋಗಿಯಿಂದ ದೂರದಿಂದ ಬಿಸಿ ಅಳೆಯುವ ಉಪಕರಣ ತಂದು ಹಿಡಿದರೆ, ಪರದೆ ಮುನ್ನೂರು ಎನ್ನುವಾಗ ಕಲ್ಲು ನಾನೂರು ಇತ್ತು. ನೂರು ಡಿಗ್ರಿ ಎಲ್ಲಿ ಸೋರಿಹೋಯಿತು? ಥರ್ಮೋಕಪಲ್ಲಿನ ಎರಡು ತಂತಿಗಳಲ್ಲಿ ಒಂದು ಧನ, ಒಂದು ಋಣ. ಯಾವುದು ಯಾವುದೆಂದು ಹೇಳಲು ಬಣ್ಣದ ಗುರುತು. ಆದರೆ ಬಣ್ಣದ ಪದ್ಧತಿ ಒಂದೊಂದು ದೇಶಕ್ಕೆ ಒಂದೊಂದು: ಒಬ್ಬರಿಗೆ ಕೆಂಪು ಧನ, ಇನ್ನೊಬ್ಬರಿಗೆ ಅದೇ ಕೆಂಪು ಋಣ. ಹೊಸ ಥರ್ಮೋಕಪಲ್ ಒಂದು ಪದ್ಧತಿಯದು, ನನ್ನ ಹಳೆಯ ಕೇಬಲ್ ಇನ್ನೊಂದರದು. ಮಚ್ಛೆಯಲ್ಲಿ ಎರಡೂ ಒಂದೇ ಕಂಪನಿಯಿಂದ ಬರುತ್ತಿದ್ದವು, ಕೆಂಪಿಗೆ ಕೆಂಪು ಸೇರಿಸಿದರೆ ಸಾಕಿತ್ತು, ಮೂವತ್ತು ವರ್ಷ ಕೈ ತಾನೇ ಅದನ್ನು ಮಾಡಿತ್ತು. ಒಂದೇ ತುದಿಯಲ್ಲಿ ತಿರುವುಮುರುವಾಗಿದ್ದರೆ ಬಿಸಿಯೇರಿದಂತೆ ಅಂಕಿ ಇಳಿಯುತ್ತದೆ, ಶಾಲೆಯ ಕೂಸೂ ತಪ್ಪು ಹಿಡಿಯುತ್ತದೆ. ನಾನು ಕೇಬಲ್ಲಿನ ಎರಡೂ ತುದಿಯಲ್ಲಿ, ಒಲೆಯ ಬೆನ್ನಲ್ಲೂ ಡಬ್ಬಿಯಲ್ಲೂ, ತಿರುವುಮುರುವು ಮಾಡಿದ್ದೆ. ಆಗ ಅಂಕಿ ಶಿಸ್ತಾಗಿ ಏರುತ್ತದೆ, ನಿಲ್ಲಬೇಕಾದಲ್ಲಿ ನಿಲ್ಲುತ್ತದೆ, ಆದರೆ ಒಲೆಯ ಬೆನ್ನಿನ ಬಿಸಿಯನ್ನು ಕೂಡುವ ಬದಲು ಕಳೆದು, ಇರುವುದಕ್ಕಿಂತ ನೂರು ಕಡಿಮೆ ಹೇಳುತ್ತದೆ. ಎರಡು ತಪ್ಪುಗಳು ಒಂದರ ಮೈ ಇನ್ನೊಂದು ಮುಚ್ಚಿ ಸರಿಯಂತೆ ಕಂಡಿದ್ದವು.

ಅಟ್ಟದ ಮೇಲೆ ನನ್ನ ಹಳೆಯ ನೋಟ್‌ಬುಕ್ಕುಗಳಿವೆ. ಬೇಡಬೇಡವೆನ್ನುತ್ತಲೇ ಹತ್ತಿದೆ. ಖಾನಾಪುರದ ಪುಟ ಸಿಕ್ಕಿತು. ಯೌವನದ ಅಹಂಕಾರದಲ್ಲಿ ಸ್ಕೇಲು ಹಿಡಿದು ಬರೆದ ಚಿತ್ರ: ಭಟ್ಟಿಯ ಥರ್ಮೋಕಪಲ್ಲಿಗೆ ಕೆಂಪು ಮತ್ತು ನೀಲಿ, ಮಚ್ಛೆಯಿಂದ ಒಯ್ದ ಕೇಬಲ್ಲಿಗೆ ಕೆಂಪು ಮತ್ತು ಹಳದಿ, ಎರಡು ಕೆಂಪುಗಳ ನಡುವೆ ದಪ್ಪನೆಯ ಒಂದು ಗೆರೆ. ಆ ಗೆರೆಯನ್ನು ನೋಡುತ್ತ ಏಣಿಯ ಮೇಲೆಯೇ ಕುಳಿತೆ. ಭರಮಣ್ಣ ಅರಿಶಿಣ ಕಂಡಾಗ ಅಲ್ಲಿ ಅರಿಶಿಣವೇ ಇತ್ತು. ನಾಚಿಕೆಯಿಂದ ಪುಟ ಮುಚ್ಚಿದೆ, ಮತ್ತೆ ತೆಗೆದೆ. ಕೆಳಗಿನಿಂದ ಶೋಭಾ, “ಏನ್ರೀ, ಇಳಿಯೂದು ಮರತೀರೇನು?” ಎಂದಳು. ಎಲ್ಲ ಹೇಳಿದೆ. ಅವಳು ಕೇಳಿ, “ಅವರಿನ್ನೂ ಇದ್ದಾರೇನು?” ಎಂದಳು. ಗೊತ್ತಿಲ್ಲ ಎಂದೆ. “ಹಂಗಾರ ನೋಡಿಕೊಂಡ ಬರ್ರಿ,” ಎಂದಳು.

ಹೇಳಿದಷ್ಟು ಸುಲಭವೇ ಅದು? ತಂತಿ ಸರಿಪಡಿಸುವ ನೆಪದಲ್ಲಿ ಒಂದು ವಾರ ತಳ್ಳಿದೆ. ಹಳೆಯ ಗಾಯ ಕೆದಕುವುದೇಕೆ, ಅವರು ಮರೆತಿರಬಹುದು ಎಂದೆಲ್ಲ ನನಗೆ ನಾನೇ ವಕೀಲನಾದೆ. ಮರೆತಿರಬಹುದು ಎಂದು ಹೇಳುವವನು ಯಾವಾಗಲೂ ಹೊಡೆದವನೇ ಹೊರತು ಹೊಡೆತ ತಿಂದವನಲ್ಲ. ಕಡೆಗೆ ಒಂದು ಬೆಳಿಗ್ಗೆ, ಸರಿಪಡಿಸಿದ ಒಲೆಯಲ್ಲಿ ಬೇಯಿಸಿದ ಒಂದು ಪಿಜ್ಜಾವನ್ನು ಶೋಭಾ ಸ್ಟೀಲ್ ಡಬ್ಬಿಯಲ್ಲಿಟ್ಟು ಕೊಟ್ಟಳು, ಬರಿಗೈಲಿ ಹೋಗಬಾರದಲ್ಲ. ತಪ್ಪೊಪ್ಪಿಗೆಗೆ ಪಿಜ್ಜಾ ಒಯ್ಯುವ ಮನುಷ್ಯನನ್ನು ಖಾನಾಪುರದ ಬಸ್ಸು ಅಂದಿಗಿಂತ ಮುಂಚೆ ಕಂಡಿರಲಿಕ್ಕಿಲ್ಲ.

ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದರೆ ಮನೆ ತೋರಿಸಿದರು. ಭರಮಣ್ಣ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು, ಎಪ್ಪತ್ತು ದಾಟಿದ ಪ್ರಾಯ, ದಪ್ಪ ಗಾಜಿನ ಕನ್ನಡಕ. ನಾನು ಯಾರೆಂದು ಹೇಳಿದೆ. “ಮೀಟರ್ ಸಾಹೇಬ್ರು,” ಎಂದರು, ಮುಖದಲ್ಲಿ ಏನೂ ಬದಲಾಗಲಿಲ್ಲ. “ಬರ್ರಿ, ಕುಂದರ್ರಿ.”

ಕುಳಿತು, ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳನ್ನೆಲ್ಲ ಮರೆತು, “ಭರಮಣ್ಣಾ, ಅವತ್ತು ನಿಮ್ಮ ಕಣ್ಣು ಸರಿ ಇತ್ತು. ನನ್ನ ಮೀಟರ್ ಸುಳ್ಳ ಹೇಳತಿತ್ತು. ತಂತಿ ನಾನು ಉಲ್ಟಾ ಹಚ್ಚಿದ್ದೆ. ಹಂಚು ಕೆಟ್ಟದ್ದು ನನ್ನಿಂದ,” ಎಂದೆ.

ಅವರು ನನ್ನ ಕಡೆ ತಿರುಗಿ ಕುಳಿತರು. ಆಮೇಲೆ, “ಹಂಗಾದ್ರ ಅರಿಶಿಣ ಬಂದದ್ದು ಖರೇ ಏನ್ರೀ?” ಎಂದರು.

“ಖರೇ.”

“ನಾ ಏನಂದಕೊಂಡಿದ್ನಿ ಗೊತ್ತೇನ್ರಿ? ಸಾಹೇಬ್ರು ಓದಿದವರು, ಮೀಟರ್ ಸುಳ್ಳ ಹೇಳಂಗಿಲ್ಲ, ನನ್ನ ಕಣ್ಣ ಕೆಟ್ಟಾವು ಅಂದಕೊಂಡ್ನಿ. ಆಮ್ಯಾಲ ನಾಕ ಮಂದಿ ಭಟ್ಟಿ ಮಾಡ ಬಾ ಅಂತ ಕರದ್ರು. ಹೋಗಲಿಲ್ಲ. ಕಿಂಡ್ಯಾಗ ನೋಡಿದ್ರ ಕೇಸರಿ ಯಾವುದು ಅರಿಶಿಣ ಯಾವುದು ಅಂತ ಎದಿ ಝಲ್ ಅನ್ನೂದು. ಕುರಿ ಕಾಯಾಕ ಹ್ವಾದ್ನಿ.” ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. “ಈಗ ಖರೇನ ಕಾಣಂಗಿಲ್ರಿ. ಕಣ್ಣ ಕೆಟ್ಟಾವು ಅಂತ ಭಟ್ಟಿ ಬಿಟ್ನಿ, ಭಟ್ಟಿ ಬಿಟ್ಟಮ್ಯಾಲ ಕಣ್ಣ ಕೆಟ್ಟವು.”

ಅವರ ಕೆಲಸ ಕಳೆದೆ ಎಂದಷ್ಟೇ ನಾನು ಲೆಕ್ಕ ಹಾಕಿಕೊಂಡು ಬಂದಿದ್ದೆ. ಅವರ ಕಣ್ಣಿನ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆಂದು ನನಗೆ ಹೊಳೆದಿರಲಿಲ್ಲ. ಸಿಟ್ಟು ಮಾಡಿಕೊಳ್ಳಿರಿ, ಬೈಯಿರಿ ಎಂದೆ.

“ಸಿಟ್ಟ ಐತ್ರಿ. ಇಲ್ಲ ಅಂತ ಸುಳ್ಳ ಯಾಕ ಹೇಳ್ಲಿ?” ಎಂದರು ಭರಮಣ್ಣ. ಹಾಗೆಂದವರು ಒಳಗೆ ತಿರುಗಿ, “ರುಕ್ಮವ್ವಾ, ಇಲ್ಲಿ ಬಾ. ಸಾಹೇಬ್ರ ಬಾಯಿಂದನ ಕೇಳ,” ಎಂದು ಹೆಂಡತಿಯನ್ನು ಕರೆದರು. ಆ ತಾಯಿ ಸೆರಗು ಸರಿಪಡಿಸಿಕೊಂಡು ಬಾಗಿಲಲ್ಲಿ ನಿಂತರು. ನನ್ನ ಒಲೆಯ ಹೊಸ ಮೀಟರಿನಿಂದ ಹಿಡಿದು ಎಲ್ಲ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿ, “ನಾ ಹೇಳಿದ್ದಿಲ್ಲೇನ ಅವತ್ತ?” ಎಂದು ಒಳಗೆ ಹೋದರು. ಅಷ್ಟಕ್ಕೇ ಮುಗಿಯಲಿಲ್ಲ. ಎದುರು ಮನೆಯ ದತ್ತೋಬಾ ಅದೇ ಭಟ್ಟಿಯಲ್ಲಿ ಹಂಚು ಹೊತ್ತವರು, ಬಾಗಿಲು ಒಡೆದ ದಿನ ಅಲ್ಲಿದ್ದವರು. ಅವರನ್ನೂ ಕರೆದರು. “ಇವಗ ಮರಾಠಿಯೊಳಗ ಹೇಳ್ರಿ, ಚಂದಂಗ ತಿಳೀಲಿ.” ದತ್ತೋಬಾ ಕನ್ನಡವನ್ನು ನನ್ನಷ್ಟೇ ಬಲ್ಲವರು, ಆದರೂ ಹೇಳಿದೆ. “ಚೂಕ್ ಮಾಝೀ ಹೋತೀ,” ತಪ್ಪು ನನ್ನದಾಗಿತ್ತು, ಎಂದೆ. ಚಹಾ ಬಂತು. ಆಮೇಲೆ ಭರಮಣ್ಣ ನನ್ನ ಭುಜ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರೆಗೆ ನಡೆದು, ಅಲ್ಲಿ ಬೆಂಚಿನ ಮೇಲೆ ಕುಳಿತ ಹಳಬರಿಗೂ ಹೇಳಿಸಿದರು. ಒಟ್ಟು ನಾಲ್ಕು ಸಲ, ಎರಡು ಭಾಷೆಗಳಲ್ಲಿ, ಪ್ರತಿ ಸಲವೂ ತಂತಿಯ ಬಣ್ಣ ಸಮೇತ. ನಾಲ್ಕನೆಯ ಸಲಕ್ಕೆ ಬೆವೆತಿದ್ದೆ. ಭರಮಣ್ಣ ಮಾತ್ರ ಪ್ರತಿ ಸಲ, ಅರಿಶಿಣ ಎಂಬ ಮಾತು ಬಂದಾಗ, ತಲೆ ಎತ್ತಿ ಕೂರುತ್ತಿದ್ದರು.

ಪಿಜ್ಜಾದ ಡಬ್ಬಿ ನೆನಪಾದದ್ದು ಕಡೆಗೆ. ತೆಗೆದು ಕೊಟ್ಟೆ. ತಣ್ಣಗಾಗಿ ಚರ್ಮದಂತಾಗಿದ್ದ ಅದನ್ನು ಅವರು ಮಗುಚಿ, ತಳದ ಮೇಲೆ ಬೆರಳಾಡಿಸಿ, ಹಂಚನ್ನು ತಟ್ಟಿ ಕೇಳುವಂತೆ ಒಮ್ಮೆ ತಟ್ಟಿದರು. “ಇದ ಆ ಹೊಸ ಮೀಟರಿಂದೇನ್ರಿ? ಒಂದ ಬಾಜು ಹೆಚ್ಚ ಬೆಂದೇತಿ. ಒಲ್ಯಾಗ ಹಿಂದಿನ ಬಾಜು ಉರಿ ಜಾಸ್ತಿ ಐತಿ. ನಡುವ ಒಮ್ಮಿ ತಿರುಗಿಸಿ ಹಾಕ್ರಿ,” ಎಂದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಬಸ್ಸು ಹೊರಟಾಗ ಕೈ ಎತ್ತಿದರು, ನಾನು ಕೂತ ಕಿಟಕಿಯ ಕಡೆಗಲ್ಲ, ಅದರ ಹಿಂದಿನದಕ್ಕೆ.

ಮನೆಗೆ ಬಂದು ಉಪಕರಣ ಹಿಡಿದು ಅಳೆದೆ. ಕಲ್ಲಿನ ಹಿಂಭಾಗ ಮುಂಭಾಗಕ್ಕಿಂತ ನಲವತ್ತು ಡಿಗ್ರಿ ಹೆಚ್ಚು ಇತ್ತು. ನನ್ನ ಪರದೆಗೆ ಅದು ಗೊತ್ತೇ ಇಲ್ಲ, ಅದು ಒಂದೇ ಜಾಗದ ಸುದ್ದಿ ಹೇಳುತ್ತದೆ. ಹಳೆಯ ನಾಬನ್ನು ಸ್ಕ್ರೂ ಡಬ್ಬಿಯಿಂದ ಹುಡುಕಿ ಒರೆಸಿ ಒಂದು ದಿನದ ಮಟ್ಟಿಗೆ ಮತ್ತೆ ಜೋಡಿಸಿ ಪರೀಕ್ಷಿಸಿದೆ. ಮೂರೂವರೆ ಎಂದರೆ ಮುನ್ನೂರ ಹತ್ತು. ಶೋಭಾಗೆ ಹೇಳಿದರೆ, “ಅದಕ್ಕ ಮೂರೂವರಿ ಅಂತಿದ್ನಿ,” ಎಂದಳು. ನಾಬು ಈಗ ಒಲೆಯ ಮೇಲೆಯೇ ಉಳಿದಿದೆ, ಪರದೆಗೆ ಜೊತೆಯಾಗಿ.

ಪ್ರತಿ ಭಾನುವಾರ ಮಧ್ಯಾಹ್ನ ಪಿಜ್ಜಾ ಹಾಕುವ ಮುಂಚೆ, ಪರದೆ ಸರಿಯಾದ ಅಂಕಿಯನ್ನೇ ತೋರಿಸುತ್ತಿದ್ದರೂ, ನಾನು ಮೊಣಕಾಲೂರಿ ಗಾಜಿನೊಳಗೆ ನೋಡುತ್ತೇನೆ. ಮುನ್ನೂರು ಡಿಗ್ರಿಗೆ ಕಲ್ಲಿಗೆ ಯಾವ ಬಣ್ಣವೂ ಬರುವುದಿಲ್ಲ, ಕುಂಕುಮ ಕೂಡ ಇನ್ನೂ ದೂರವಿರುತ್ತದೆ. ಅದು ನನಗೆ ಚೆನ್ನಾಗಿ ಗೊತ್ತು.

“ಏನ್ ಕಾಣಸ್ತದರೀ?” ಎಂದು ಶೋಭಾ ಮೊನ್ನೆ ಕೇಳಿದಳು.

“ಏನೂ ಇಲ್ಲ.”

“ಮತ್ತ ಯಾಕ ಬಗ್ಗಿ ನೋಡ್ತೀರಿ?”

“ಭರಮಣ್ಣ ಅವತ್ತು ನೋಡ್ರಿ ಅಂದಿದ್ರು,” ಎಂದೆ. “ನೋಡಲಿಲ್ಲ.”